ಹೆಪ್ಪಿಲ್ಲದ ಎರಕ

ಫತೂಹನಿಗೆ ಸುಮ್ಮನೆ ನಿಂತು ಮಾತಾಡಲು ಬರುವುದಿಲ್ಲ. ಯಾವುದಕ್ಕಾದರೂ ಮೊಣಕೈ ಊರಲೇಬೇಕು. ಆ ಬೆಳಿಗ್ಗೆ ಅವನು ಊರಿದ್ದು ಬಸ್ಯೂನಿಯ ಕುಲುಮೆಯ ಕಟ್ಟೆಗೆ. ಕಟ್ಟೆಯ ಮೇಲೆ ಬೆಚ್ಚಗಾಗಲೆಂದು ಇಟ್ಟಿದ್ದ ಮಿಶ್ರಲೋಹದ ಗಟ್ಟಿ ಜಾರಿ, ಕೆಳಗಿನ ನೀರಿನ ತೊಟ್ಟಿಗೆ ಬುಳುಕ್ಕನೆ ಬಿತ್ತು.

ಮೀತ್ ಗಮ್ರ್ ಊರಿನ ಆ ಓಣಿಯಲ್ಲಿ ಎಲ್ಲರ ಅನ್ನವೂ ಅಲ್ಯೂಮಿನಿಯಮ್ಮಿನದೇ. ಫತೂಹ್ ಪಕ್ಕದ ಅಂಗಡಿಯಲ್ಲಿ ಪಾತ್ರೆಗಳ ಮುಚ್ಚಳ ತಟ್ಟುತ್ತಾನೆ. ಬಸ್ಯೂನಿ, ಹಾಜಿ ಶಲಬಿಯ ಎರಕದ ಮನೆಯಲ್ಲಿ ಕರಗಿದ ಗುಜರಿಗೆ ಮಾಸ್ಟರ್ ಅಲಾಯ್ ಎಂಬ ಮಿಶ್ರಲೋಹ ಹಾಕುವವನು. ಸ್ಟ್ರಾನ್ಷಿಯಂ ಬೆರೆತ ಆ ಗಟ್ಟಿ ಕೈರೋದ ವ್ಯಾಪಾರಿಯಿಂದ ಬರುತ್ತದೆ. ಓಣಿಯವರು ಅದನ್ನು ಹೆಪ್ಪು ಅನ್ನುತ್ತಾರೆ. ಹಾಲಿಗೆ ಹೇಗೋ ಲೋಹಕ್ಕೂ ಹಾಗೇ, ಚೂರು ಸಾಕು. ಹಾಕಿದರೆ ಎರಕ ಒಳಗೆಲ್ಲ ನುಣ್ಣಗೆ ಕೂರುತ್ತದೆ. ಹಾಕದಿದ್ದರೆ ಒರಟು ಹರಳು ಕಟ್ಟಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಹಿಂದಿನ ವಾರದ ಮಾದರಿ ಹಾಗೇ ಮುರಿದಿತ್ತು. "ಇವತ್ತೂ ಹಾಗಾದರೆ ನಾಳೆ ಬರಬೇಡ," ಎಂದಿದ್ದ ಹಾಜಿ. ಕೊಳ್ಳುವ ಕಾರ್ಖಾನೆಯ ಇಂಜಿನಿಯರ್ ವಗ್ದಿ ಆಗಲೇ ಬಂದು ಕುರ್ಚಿ ಹಿಡಿದಿದ್ದ. ಇದ್ದದ್ದು ಅದೊಂದೇ ಗಟ್ಟಿ.

ಬಸ್ಯೂನಿ ಅದನ್ನು ಮೇಲೆತ್ತಿದ. ಫತೂಹ್ ತನ್ನ ನಿಲುವಂಗಿಯ ಅಂಚಿನಿಂದ ಒರೆಸಿಕೊಟ್ಟ.

"ತಗೋ, ಒಣಗ್ತು. ಹಾಕು."

"ನೀರಿನ ಪಸೆ ಇರೋದನ್ನ ಹಾಕಿದ್ರೆ ಲೋಹ ಸಿಡಿದು ನಿನ್ನ ಮುಖಕ್ಕೇ ಬರುತ್ತೆ. ಒಂದು ಗಂಟೆ ಕಾಯಿಸಬೇಕು."

"ನನ್ನ ಮುಖದಲ್ಲಿ ಇನ್ನು ಕೆಡೋಕೆ ಏನಿದೆ. ಕೊಡು ಇಲ್ಲಿ, ಉಮ್ಮ್ ಹಿಲಾಲ್ ಒಲೆ ಬಿಸಿಯಾಗೇ ಇರುತ್ತೆ."

ಕಟ್ಟೆಯ ಮೇಲೇ ಇಟ್ಟರೆ ಹಾಜಿ ಕಂಡು, ಇನ್ನೂ ಯಾಕೆ ಹಾಕಿಲ್ಲ ಎಂದು ಕೇಳುತ್ತಾನೆ. ಬಸ್ಯೂನಿ ಕೊಟ್ಟ. ಉಮ್ಮ್ ಹಿಲಾಲ್ ಎದುರುಗಡೆ ರೊಟ್ಟಿ ಸುಟ್ಟು ಮಾರುವ ಮುದುಕಿ, ಓಣಿಗೆಲ್ಲ ಚಿಕ್ಕಮ್ಮ.

ಹೊತ್ತು ತಳ್ಳಲು ಬಸ್ಯೂನಿ ಇಂಜಿನಿಯರನಿಗೆ ಪುದೀನ ಚಹಾ ತಂದ. ಅದು ಮುಗಿದಾಗ ಇನ್ನೊಂದು ತಂದ. ಮೂರನೆಯದರ ಜತೆಗೆ ಮಾತೂ ತಂದ.

"ಅತ್ತೆಯವರ ಮಂಡಿನೋವು ಈಗ ಹೇಗಿದೆ, ಸಾಹೇಬ್ರೇ?"

"ತೀರಿಹೋಗಿ ನಾಲ್ಕು ವರ್ಷ ಆಯ್ತು."

"ಸದ್ಯ, ನೋವು ಹೋಯ್ತಲ್ಲ," ಎಂದುಬಿಟ್ಟ ಬಸ್ಯೂನಿ. ಇಂಜಿನಿಯರ್ ಲೋಟ ಕೆಳಗಿಟ್ಟು ಗಡಿಯಾರ ನೋಡಿಕೊಂಡ.

ಮುಕ್ಕಾಲು ಗಂಟೆಯಾದ ಮೇಲೆ ಉಮ್ಮ್ ಹಿಲಾಲ್ ತಟ್ಟೆಯಲ್ಲಿ ಗಟ್ಟಿಯನ್ನಿಟ್ಟುಕೊಂಡು ಬಂದಳು. ಅದು ಮದುಮಗಳ ಹಾಗೆ ಹೊಳೆಯುತ್ತಿತ್ತು. ತೊಟ್ಟಿಕ್ಕುತ್ತಲೂ ಇತ್ತು.

"ಎಂಥಾ ಕೊಳಕು ಇದು, ಮಗನೇ. ರೊಟ್ಟಿ ಸುಡೋ ಒಲೆಗೆ ಇದನ್ನ ಹಾಗೇ ಇಡ್ತಾರಾ? ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದೆ. ಈಗ ಇಡ್ಲಾ?"

ಅಷ್ಟರಲ್ಲಿ ಹಾಜಿಯ ಗಂಟಲು ಕೇಳಿತು. "ಬಸ್ಯೂನಿ, ಹೆಪ್ಪು ಬಿತ್ತಾ?"

"ಬಿತ್ತು, ಹಾಜಿ."

ಅವನ ಜನ್ಮದ ಮೊದಲ ಸುಳ್ಳೇನಲ್ಲ. ಕುಲುಮೆಯ ಮುಂದೆ ಆಡಿದ್ದು ಮಾತ್ರ ಅದೇ ಮೊದಲು. ಗಟ್ಟಿಯನ್ನು ಅವನು ಗೋಣಿಚೀಲದ ಕೆಳಗೆ ತಳ್ಳಿದ. ಉಮ್ಮ್ ಹಿಲಾಲ್ ಅವನ ಮುಖವನ್ನೇ ನೋಡಿದಳು.

"ಸುಣ್ಣದ ಗೋಡೆ ಹಾಗೆ ಆಗಿದ್ದಾನೆ ಪಾಪ. ಹೋದ ವಾರನೂ ಕೆಡ್ತು, ಇವತ್ತು ಹೀಗೆ. ಈ ಕುಲುಮೆಗೆ ಯಾರದೋ ಕಣ್ಣು ಬಿದ್ದಿದೆ."

ಅವಳು ತಲೆವಸ್ತ್ರದ ಗಂಟು ಬಿಚ್ಚಿ, ಹಿಡಿ ಉಪ್ಪು, ಚೂರು ಪಟಿಕ ತೆಗೆದು, ಮಣಮಣ ಅನ್ನುತ್ತ ಮೂರು ಸಲ ನಿವಾಳಿಸಿ ಲೋಹದೊಳಕ್ಕೇ ಎಸೆದಳು. ಚಟಪಟ ಎಂದಿತು.

"ಕೇಳಿಸ್ತಾ? ಅದೇ, ಕಣ್ಣು ಒಡೆದದ್ದು."

ಎರಕ ಹೊಯ್ದರು. ತಣ್ಣಗಾದ ಮಾದರಿಗೆ ಇಂಜಿನಿಯರ್ ಸುತ್ತಿಗೆಯಿಂದ ಹೊಡೆದ. ಬಸ್ಯೂನಿ ಕಣ್ಣು ಮುಚ್ಚಿಕೊಂಡ. ನಾಲ್ಕನೆಯ ಏಟಿಗೆ ಅದು ಬಗ್ಗಿತು. ಒಂಬತ್ತನೆಯದಕ್ಕೆ ಮುರಿಯಿತು. ಮುರಿದ ಬಾಯಿ ಜರಡಿ ಹಿಡಿದ ರವೆಯಷ್ಟು ನಯವಾಗಿತ್ತು.

"ಹತ್ತು ಟನ್ ಕೊಡಿ. ಇದೇ ಥರ ಇರಬೇಕು," ಎಂದು ಇಂಜಿನಿಯರ್ ರುಜು ಹಾಕಿ ಹೋದ. ಹಾಜಿ ಬಸ್ಯೂನಿಯ ಹಣೆಗೆ ಮುತ್ತಿಟ್ಟ. ಫತೂಹ್ ಓಣಿಗೆಲ್ಲ ಸಾರಿದ.

ಮಧ್ಯಾಹ್ನದ ನಮಾಜಿನಲ್ಲಿ ಬಸ್ಯೂನಿಯ ಹಣೆ ಚಾಪೆಗೆ ತಾಗಿದಾಗ, ಆಡಿದ ಸುಳ್ಳು ಅಲ್ಲೇ ಕಲ್ಲಿನಂತೆ ಒತ್ತಿತು. ಎದ್ದವನು ನೇರ ಗುಜರಿಯ ಮೂಲೆಗೆ ಹೋಗಿ ಬೆಳಿಗ್ಗೆ ಕರಗಿಸಿ ಉಳಿದ ಚೂರುಗಳನ್ನು ಮಗುಚಿ ನೋಡಿದ. ಎಲ್ಲವೂ ಕಾರಿನ ಗಾಲಿಗಳು. ಗಾಲಿ ಮಾಡಿದವರು ಹೆಪ್ಪನ್ನು ಮೊದಲೇ ಹಾಕಿದ್ದರು. ಯಾವ ದೇಶದವನೋ ಹಾಕಿದ ಚೂರು ಇಲ್ಲಿ ಇವನ ಮಾನ ಉಳಿಸಿತ್ತು. ಆದರೆ ನಾಳೆ ಬರುವ ಲಾರಿಯಲ್ಲಿರುವುದು ಹಳೆಯ ಇಂಜಿನ್ ಚೂರು.

"ಹಾಜಿ, ಸುಳ್ಳು ಹೇಳ್ದೆ. ಹೆಪ್ಪು ಹಾಕಲೇ ಇಲ್ಲ. ಅದು ಗಾಲಿಯೊಳಗೇ ಇತ್ತು. ನಾಳೆಯ ಮಾಲಿಗೆ ಹಾಕದಿದ್ರೆ ಹತ್ತು ಟನ್ನೂ ವಾಪಸ್ಸು ಬರುತ್ತೆ."

ಹಾಜಿಯ ಕಿವಿಗೆ ಬಿದ್ದದ್ದು ಅರ್ಧ. "ಹಾಕಲೇ ಇಲ್ವಾ? ಆದರೂ ಅಷ್ಟು ನಯ?" ಅವನ ನೋಟ ನಿಧಾನವಾಗಿ, ಬಾಗಿಲಲ್ಲಿ ಫತೂಹನ ಜತೆ ನಿಂತಿದ್ದ ಉಮ್ಮ್ ಹಿಲಾಲಳ ಕಡೆ ತಿರುಗಿತು.

"ಉಪ್ಪಿಂದಲ್ಲ ಹಾಜಿ. ಗಾಲಿಯಿಂದ."

"ನೋಡಿದ್ರಾ," ಎಂದಳು ಮುದುಕಿ. "ನನಗೆ ಒಂದು ಒಳ್ಳೇ ಹೆಸರು ಬಂದರೆ ಇವನಿಗೆ ಉರಿಯುತ್ತೆ. ಕಣ್ಣು ಹೊರಗಿನವರದು ಅಂದ್ಕೊಂಡಿದ್ದೆ, ಹಾಜಿ. ಒಳಗೇ ಇತ್ತು."

ಫತೂಹ್ ಎರಡು ಹೆಜ್ಜೆ ಹಿಂದೆ ಸರಿದ. ಹಾಜಿ ಕೈರೋದ ವ್ಯಾಪಾರಿಗೆ ಫೋನ್ ಮಾಡಿ, ಹೆಪ್ಪು ಇನ್ನು ಬೇಡ ಎಂದ. ಆಮೇಲೆ ದನಿ ತಗ್ಗಿಸಿದ.

"ನೀನು ಕೆಟ್ಟವನಲ್ಲ ಮಗನೇ, ಕಣ್ಣು ಬೀಳೋದು ಯಾರ ಕೈಯಲ್ಲಿದೆ? ಆದರೆ ನಾಳೆಯಿಂದ ಕುಲುಮೆ ಹತ್ತಿರ ಬರಬೇಡ."

ಹೇಳುವಾಗ ಅವನು ಇಂಜಿನಿಯರ್ ರುಜು ಹಾಕಿದ ಕಾಗದವನ್ನು ಬಸ್ಯೂನಿಯ ಕಣ್ಣು ಬೀಳದಂತೆ ಮಗುಚಿ ಹಿಡಿದಿದ್ದ.