ಕರೆಂಟಿಗೆ ಪಂಕ್ತಿ ಹಾಕಿದ ಮಾವ

ನನ್ನ ಸೋದರಮಾವನನ್ನು ಕಂಡರೆ ಕರೆಂಟಿಗೇ ಭಯವಂತೆ. ಹಾಗೆಂದು ಹೇಳಿದವನು ಬೇರೆ ಯಾರೂ ಅಲ್ಲ, ಅವನೇ! ಕರೆಂಟು ಈ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಒಂದೇ ಸಲ ತಿಳಿಸಿತು. ಆಗ ನಾನು ಅಲ್ಲೇ ನಿಂತಿದ್ದೆ.

ಕಲಬುರಗಿಯಿಂದ ಬಂದ ಮಾವ ಲಿಂಗಂಪಲ್ಲಿಯಲ್ಲಿ ಮದುವೆ ಅಡುಗೆಯ ಹಂಡೆ, ಕಡಾಯಿಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಗಚ್ಚಿಬೌಲಿಯಲ್ಲಿ ಬರೀ ಬಂಡೆಗಳಿದ್ದ ಕಾಲಕ್ಕೆ, ಹಳೆಯ ಪಾತ್ರೆ ಇಡಲೆಂದು ಅಲ್ಲೊಂದು ತುಂಡು ನೆಲ ಹಿಡಿದಿದ್ದ. ಕಂಪ್ಯೂಟರ್ ಕಂಪನಿಗಳು ಬಂದವು, ಬಂಡೆಗೂ ಬಂಗಾರದ ಬೆಲೆ ಬಂತು. ಅದನ್ನು ಮಾರಿ, ಶಂಶಾಬಾದ್ ದಾಟಿ ಒಂದು ಹಳ್ಳಿಯಲ್ಲಿ ಹೊಲ ಕೊಂಡು ಅರಮನೆಯಂಥ ಮನೆ ಎಬ್ಬಿಸಿದ. ಇರುವವರು ಗಂಡ, ಹೆಂಡತಿ ಇಬ್ಬರೇ. ಆದರೆ ಕೋಣೆಗೊಂದು ಬಚ್ಚಲು, ಬಚ್ಚಲಿಗೊಂದು ಗೀಸರ್. ವಠಾರದ ಬಾಡಿಗೆ ಮನೆಯಲ್ಲಿ ಅತ್ತೆ ಬಕೆಟ್ ಹಿಡಿದು ಸ್ನಾನಕ್ಕೆ ಪಾಳಿ ಹಚ್ಚುವುದನ್ನು ವರ್ಷಾನುಗಟ್ಟಲೆ ನೋಡಿದವನು. ಅದರ ಸೇಡು ತೀರಿಸಿಕೊಳ್ಳುತ್ತಿದ್ದನೋ ಏನೋ.

ಇಷ್ಟಕ್ಕೆಲ್ಲ ಎಷ್ಟು ಕರೆಂಟ್ ಬೇಕು? ಸೈನ್ಸ್ ಓದಿದವಳೆಂದು ನನ್ನನ್ನು ಕೇಳಿದ. ಗೀಸರ್, ಏಸಿ, ಬೋರ್‌ವೆಲ್ ಮೋಟಾರ್ ಎಲ್ಲ ಕೂಡಿಸಿ ಲೋಡ್ ಹೇಳಿದೆ. ದೊಡ್ಡ ಕನೆಕ್ಷನ್ನೇ ಬೇಕು, ದಪ್ಪ ಕೇಬಲ್ಲೇ ಬೇಕು ಎಂದೆ. ಮಾವ ತಲೆ ಅಡ್ಡಡ್ಡ ಆಡಿಸಿದ.

“ಯವ್ವಾ, ನೂರು ಮಂದಿನ್ನ ಊಟಕ್ಕ ಕರದ್ರ ನೂರೂ ಮಂದಿ ಒಮ್ಮೆಲೆ ಎಲಿ ಮುಂದ ಕೂಡ್ತಾರೇನು? ಮೂರು ಪಂಕ್ತಿ ಆಗ್ತಾವ. ಕರೆಂಟೂ ಹಂಗ. ನೀ ಹೇಳಿದ್ದರಾಗ ಮೂರನೇ ಪಾಲು ಸಾಕು.”

“ಮಾಮಾ, ಗೀಸರಿಗೆ ಪಂಕ್ತಿ ಗೊತ್ತಾಗಂಗಿಲ್ಲ.”

“ನಿಮ್ಮ ಕಾಲೇಜಿನಾಗ ಬಡಸೂದು ಕಲಸಿಲ್ಲ, ಬಿಡು.”

ಕೆಟ್ಟದ್ದೇನೆಂದರೆ, ಅವನ ಮಾತಿನಲ್ಲಿ ಅರ್ಧ ನಿಜವಿತ್ತು. ಅರ್ಧ ನಿಜದಷ್ಟು ಬೇಗ ಹೊತ್ತಿಕೊಳ್ಳುವ ವಸ್ತು ಇನ್ನೊಂದಿಲ್ಲ. ಸಣ್ಣ ಕನೆಕ್ಷನ್ನೇ ಬಂತು, ಜೊತೆಗೆ ಬಡಕಲು ಕೇಬಲ್ಲು.

ವಾಸ್ತುಶಾಂತಿಯ ಮರುದಿನ ಸತ್ಯನಾರಾಯಣ ಪೂಜೆ. ಕಲಬುರಗಿಯ ಬಳಗವೆಲ್ಲ ಅಲ್ಲೇ ತಂಗಿತ್ತು. ಭಟ್ಟರು ಬೆಳಗಿನ ಮುಹೂರ್ತ ಇಟ್ಟಿದ್ದರು. ಸ್ನಾನವಿಲ್ಲದೆ ಪೂಜೆಗೆ ಯಾರು ಕೂಡುತ್ತಾರೆ? ಬಚ್ಚಲಿನ ಬಾಗಿಲುಗಳೆಲ್ಲ ಒಟ್ಟಿಗೆ ಮುಚ್ಚಿದವು. ಮೂರು ಪಂಕ್ತಿಯೂ ಒಮ್ಮೆಲೇ ಕೂತಿತು! ಫ್ಯೂಸ್ ಹೋಯಿತು.

“ಫ್ಯೂಸ್ ಅಂದ್ರ ಹೊಸಾ ಅಳ್ಯಾ ಇದ್ದಂಗ. ಸಣ್ಣದಕ್ಕೆಲ್ಲಾ ಸಿಟ್ಟು,” ಎನ್ನುತ್ತ ಮಾವ ಎಲ್ಲಿಂದಲೋ ದಪ್ಪ ತಂತಿ ತಂದು ಅದರ ಜಾಗಕ್ಕೆ ತುರುಕಿದ. ನಾನು ಬೇಡವೆನ್ನುವಷ್ಟರಲ್ಲಿ ದೀಪ ಹತ್ತಿತು. ಬಳಗ ಭಲೇ ಎಂದಿತು.

ಅಳಿಯ ಮತ್ತೆ ಸಿಟ್ಟಾಗಲಿಲ್ಲ. ಗೋಡೆ ಸಿಟ್ಟಾಯಿತು. ಕೊನೆಯ ಬಚ್ಚಲಿನ ಬಾಗಿಲ ಪಕ್ಕದ ಸ್ವಿಚ್ ಬೋರ್ಡು ಮೊದಲು ಹೊಗೆಯಾಡಿತು, ಆಮೇಲೆ ಉರಿಯತೊಡಗಿತು. ಒಳಗೆ ಅತ್ತೆ. ಬಾಗಿಲು ಬಡಿಯುವ ಸದ್ದು, ಕೆಮ್ಮು. ಮಾವ ನೀರು ತುಂಬಿದ ಕೊಡ ಎತ್ತಿದ. ಒದ್ದೆ ನೆಲ, ಬರಿಗಾಲು, ಉರಿಯುವ ತಂತಿ. ಎರಡೂ ಕೈಯಿಂದ ಅವನ ತೋಳು ಜಗ್ಗಿ ಹಿಡಿದೆ. ಇವತ್ತಿಗೂ ಚಹಾ ಸೋಸುವಾಗ ಆ ಕೊಡ ನನ್ನ ಕಣ್ಣಮುಂದೆ ವಾಲುತ್ತದೆ. ಅಷ್ಟರಲ್ಲಿ ಹೊರಗೆ, ಕಂಬದ ಹತ್ತಿರ, ಆ ಬಡಕಲು ಕೇಬಲ್ ತಾನಾಗಿ ಸುಟ್ಟು ಕಡಿದುಬಿತ್ತು; ಕರೆಂಟು ಹೋಗಿ ಬೋರ್ಡಿನ ಉರಿ ತಗ್ಗಿತು. ಅತ್ತೆ ಉಳಿದದ್ದು ನನ್ನ ಸೈನ್ಸಿನಿಂದಲೂ ಅಲ್ಲ, ಅವನ ಪಂಕ್ತಿಯಿಂದಲೂ ಅಲ್ಲ.

ಮಾವ ಬಾಗಿಲು ಒದ್ದು ಒಡೆದು ಅತ್ತೆಯನ್ನು ಎಳೆದುಕೊಂಡ. ಮುಖವೆಲ್ಲ ಮಸಿ. ಉಸಿರು ಬಂದ ಮೇಲೆ ಆಕೆ ಅಂದದ್ದು ಇಷ್ಟು: “ವಠಾರದಾಗ ಪಾಳಿ ಹಚ್ಚತಿದ್ದೆ. ಜೀವಕ್ಕ ಆರಾಮ ಇತ್ತರಿ.”

ಬಳಗ ನಕ್ಕಿತು. ಮಾವ ನಗಲಿಲ್ಲ.

ಈಗ ದೊಡ್ಡ ಕನೆಕ್ಷನ್ ಬಂದಿದೆ, ವೈರಿಂಗ್ ಎಲ್ಲ ಹೊಸದು. ಆಮೇಲೊಮ್ಮೆ ಹೋಗಿ ಉಳಿದಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಮಾವ ಒಬ್ಬನೇ ಬಚ್ಚಲಿನಲ್ಲಿದ್ದಾನೆ. ಸ್ವಿಚ್ಚು ಹಾಕುತ್ತಾನೆ, ಗೋಡೆ ಸವರುತ್ತಾನೆ, ನಲ್ಲಿ ಮುಟ್ಟುತ್ತಾನೆ, ಬೀಳುವ ನೀರಿಗೆ ಕೈಯೊಡ್ಡಿ ನಿಲ್ಲುತ್ತಾನೆ.

“ಎಲ್ಲಾ ಹೊಸಾದು ಐತಲ್ಲ ಮಾಮಾ, ಮತ್ತ ಏನು ನೋಡಾಕತ್ತಿ?”

“ಹೊಡದ್ರ ಮೊದಲ ನನಗ ಹೊಡೀಲಿ.”

ಬೈಯಲು ಬಾಯಿ ತೆರೆದೆ. ಅವನು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಅತ್ತೆ ಮಲಗಿದ್ದ ಕೋಣೆಯ ಕಡೆ ತಿರುಗಿ ಮೆಲ್ಲಗೆ ಕರೆದ: “ಏಳು, ಜಳಕಕ್ಕ ಬಾ. ನಾ ಮುಟ್ಟಿ ನೋಡೀನಿ, ಏನೂ ಆಗಂಗಿಲ್ಲ.”