ಬಳೆ ತೊಟ್ಟ ಡೆವಲಪರ್

ಕನ್ನಡವನ್ನು ಲೋಕದ ಕೊನೆಯವರೆಗೂ ತಲುಪಿಸಿಯೇ ತೀರುತ್ತೇನೆ ಎಂದು ನಂಜನಗೂಡಿನ ಬಸವೇಶ್ ತೀರ್ಮಾನ ಮಾಡಿದ್ದು ಒಂದು ಭಾನುವಾರ, ಎರಡನೇ ಲೋಟ ಕಾಫಿಯ ಹೊತ್ತಿಗೆ. ಅದಕ್ಕೆ ಬೇಕಾದ ಆಯುಧ ಆಗಲೇ ಅವನ ತೊಡೆಯ ಮೇಲಿತ್ತು. ನೋಡಲು ಮಕ್ಕಳ ಸ್ಲೇಟು, ಎತ್ತಲು ಅರೆಯುವ ಕಲ್ಲು, ಹೆಸರಿಗೆ ಕಂಪ್ಯೂಟರು. ಅದಕ್ಕೆ ಕೀಲಿಮಣೆಯೂ ಇಲ್ಲ, ಮೌಸೂ ಇಲ್ಲ. ಪ್ಲಾಸ್ಟಿಕ್ ಪೆನ್ನು ಹಿಡಿದು ತೆರೆಯ ಮೇಲೆ ಬರೆದರೆ ಸಾಕು, ಅದೇ ಓದಿಕೊಂಡು ಅಚ್ಚಿನ ಅಕ್ಷರ ಮಾಡಿ ತೋರಿಸುತ್ತಿತ್ತು. ಆಗಿನ್ನೂ ಇಸವಿ ಎರಡು ಸಾವಿರ. ಕಂಪ್ಯೂಟರ್ ಇರುವ ಕೋಣೆಗೆ ಜನ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ ಬಸವೇಶ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಚಕ್ಕುಲಿ ತಿನ್ನುತ್ತಿದ್ದ.

ಆ ಸ್ಲೇಟು ತಯಾರಿಸಿದ ಪರದೇಶದ ಕಂಪನಿ ಅದನ್ನು ಎಂದೋ ಕೈಬಿಟ್ಟಿತ್ತು. ಆದರೆ ಅದಕ್ಕೆ ಮನಸೋತವರು ಬಿಟ್ಟಿರಲಿಲ್ಲ. ಲೋಕದ ಮೂಲೆಮೂಲೆಯಲ್ಲಿದ್ದ ಅಂಥವರೆಲ್ಲ ಈಮೇಲಿನಲ್ಲೇ ಒಂದು ಡೆವಲಪರ್ ಬಳಗ ಕಟ್ಟಿಕೊಂಡಿದ್ದರು. ಒಬ್ಬರ ಕೆಟ್ಟ ಬ್ಯಾಟರಿಗೆ ಇನ್ನೊಬ್ಬರು ಮದ್ದು ಹೇಳುತ್ತಿದ್ದರು, ತಾವೇ ಪ್ರೋಗ್ರಾಂ ಬರೆದು ಪುಕ್ಕಟೆ ಹಂಚುತ್ತಿದ್ದರು. ಬಸವೇಶ್ ಪೇಟೆ ಬೀದಿಯ ಸೈಬರ್ ಸೆಂಟರಿನಲ್ಲಿ ಕೂತು ಕೇಳಿದ ಒಂದು ಸಣ್ಣ ಪ್ರಶ್ನೆಗೆ ಬ್ರೆಜಿಲಿನವನೊಬ್ಬ ಪುಟಗಟ್ಟಲೆ ಉತ್ತರ ಬರೆದಿದ್ದ. ಇವನು ಅದನ್ನು ಅಚ್ಚು ಹಾಕಿಸಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದ. ಟಿ. ನರಸೀಪುರದ ಆಫೀಸಿನಲ್ಲಿ ಅವನು ಬರೀ ಗುಮಾಸ್ತ, ಬಳಗದಲ್ಲಿ ಡೆವಲಪರ್.

ಬಳಗದವರು ವರ್ಷಕ್ಕೊಮ್ಮೆ ಒಳ್ಳೊಳ್ಳೆಯ ಪ್ರೋಗ್ರಾಂಗಳನ್ನು ಒಂದು ಸೀಡಿಗೆ ತುಂಬಿ ಎಲ್ಲ ದೇಶಕ್ಕೂ ಕಳಿಸುತ್ತಿದ್ದರು. ಬಸವೇಶ್ ಬರೆಯುತ್ತಿದ್ದ ‘ಕೈಬರಹ’ ಎಂಬ ಕನ್ನಡದ ಪ್ರೋಗ್ರಾಂ ಆ ಸೀಡಿಯಲ್ಲಿ ಸೇರಬೇಕು. ತೆರೆಯ ಮೇಲೆ ಬಸವೇಶ್ ಎಂದು ಹೆಸರು ಮೂಡಬೇಕು. ಅದನ್ನು ಬ್ರೆಜಿಲಿನವನು ನೋಡಬೇಕು. ಅವನ ಆಸೆಯೆಲ್ಲ ಇಷ್ಟೇ.

ತೊಂದರೆ ಏನೆಂದರೆ, ಸ್ಲೇಟು ಅವನದಲ್ಲ. ಬಳಗದ್ದು. ಹತ್ತು ಜನ ಡೆವಲಪರುಗಳಿರುವ ಸಂಘಕ್ಕೆ ಮಾತ್ರ ಅವರು ಎರವಲು ಕೊಡುತ್ತಿದ್ದರು. ನಂಜನಗೂಡಿನಲ್ಲಿ ಅಂಥ ಸಂಘವೂ ಇರಲಿಲ್ಲ, ಬಸವೇಶನನ್ನು ಬಿಟ್ಟರೆ ಇನ್ನೊಬ್ಬ ಡೆವಲಪರೂ ಇರಲಿಲ್ಲ. ಆದರೆ ಪ್ರತಿ ಮಂಗಳವಾರ ಸಂಜೆ ಅವನ ಮನೆಯ ಪಡಸಾಲೆಯಲ್ಲಿ ಅಕ್ಕನ ಬಳಗದ ಹೆಂಗಸರು ವಚನ ಹಾಡಲು ಸೇರುತ್ತಿದ್ದರು. ಅವನ ತಾಯಿ ಚನ್ನಾಜಮ್ಮ, ಹೆಂಡತಿ ಶಿವರಂಜನಿ, ಮುಖಂಡರಾದ ಮರಿತಾಯಮ್ಮ, ಹೀಗೆ ಎಣಿಸಿದರೆ ಸರಿಯಾಗಿ ಹತ್ತು. ಅದೂ ಬಳಗ, ಇದೂ ಬಳಗ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬಸವೇಶ್ ಹತ್ತೂ ಹೆಸರನ್ನು ಕಳಿಸಿಬಿಟ್ಟಿದ್ದ. ಸ್ಲೇಟು ಬಂದಿತ್ತು.

ಈಗ ಅದರ ಹಿಂದೆಯೇ ಪ್ರಸಾದ್ ಬರುವವನಿದ್ದ. ಎರವಲು ಸ್ಲೇಟುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮೈಸೂರಿನವನು. ‘ಮುಂದಿನ ಭಾನುವಾರ ನಿಮ್ಮ ಸದಸ್ಯರನ್ನೂ ಪ್ರೋಗ್ರಾಮನ್ನೂ ನೋಡಲು ಬರುತ್ತೇನೆ’ ಎಂದು ಅವನ ಈಮೇಲು ಬಂತು. ಬಸವೇಶ್ ಹೆಂಡತಿಗೆ ವಿಷಯ ಒಪ್ಪಿಸಿದ.

“ಮರಿತಾಯಮ್ಮನೋರು ಡೆವಲಪರ್ರಾ?” ಎಂದಳು ರಂಜನಿ.

“ಮುಂದಿನ ಭಾನುವಾರದವರೆಗೆ.”

“ಟೀವಿ ಹಚ್ಚಬೇಕಾದ್ರೆ ಅವರು ಪಕ್ಕದ ಮನೆಯವರನ್ನ ಕರೀತಾರೆ ಕಣ್ರೀ.”

“ಸ್ಲೇಟಿನ ಮೇಲೆ ನಾಕು ಅಕ್ಷರ ಬರೆದ್ರೆ ಸಾಕು. ಮಿಕ್ಕಿದ್ದನ್ನ ನಾನು ನೋಡ್ಕೋತೀನಿ.”

“ನೀವು ನೋಡ್ಕೋತೀನಿ ಅಂದಾಗ್ಲೆಲ್ಲ ನಾನು ಉಪ್ಪಿಟ್ಟಿಗೆ ರವೆ ಹುರೀಬೇಕಾಗುತ್ತೆ,” ಎಂದು ರಂಜನಿ ರವೆ ಡಬ್ಬ ಹುಡುಕಿದಳು.

ಮಂಗಳವಾರ ವಚನ ಮುಗಿಯುತ್ತಲೇ ಬಸವೇಶ್ ಸ್ಲೇಟು ಹಿಡಿದು ಮುಂದೆ ಬಂದ. ಮರಿತಾಯಮ್ಮ ಪೆನ್ನು ತೆಗೆದುಕೊಂಡು ‘ಶರಣು’ ಎಂದು ಬರೆದರು. ತೆರೆಯ ಮೇಲೆ ಶರಣು ಬಂತು. ಅದರ ಬೆನ್ನಿಗೇ ಸೊನ್ನೆಗಳ ಒಂದು ಮೆರವಣಿಗೆಯೂ ಬಂತು.

“ಇದೇನ್ಲಾ ಬಸವೇಶ, ನಾ ಶರಣು ಅಂದ್ರೆ ಇದು ಸೊನ್ನೆ ಸೊನ್ನೆ ಅಂತದಲ್ಲ?”

“ಪೆನ್ನು ನೆಟ್ಟಗೆ ಹಿಡೀರಿ ಮರಿತಾಯಮ್ಮ.”

ನೆಟ್ಟಗೆ ಹಿಡಿದರೂ ಸೊನ್ನೆ, ಓರೆಯಾಗಿ ಹಿಡಿದರೂ ಸೊನ್ನೆ. ಒಬ್ಬೊಬ್ಬರಾಗಿ ಹತ್ತೂ ಜನ ಬರೆದರು, ಹತ್ತೂ ಜನಕ್ಕೆ ಸೊನ್ನೆ ಬಿತ್ತು. ಬಸವೇಶ್ ಬರೆದರೆ ಮಾತ್ರ ಅಚ್ಚುಕಟ್ಟು. “ಕೊನೇಗೆ ಎಲ್ಲಾ ಸೊನ್ನೇಯ ಅನ್ನೋದು ಇದುಕ್ಕೂ ತಿಳ್ದದೆ, ಬುಡು,” ಎಂದು ಮರಿತಾಯಮ್ಮ ಸ್ಲೇಟಿಗೆ ಕೈಮುಗಿದು ಎದ್ದರು. ಹೆಂಗಸರ ಕೈಗೆ ಹಿಡಿತ ಸಾಲದು ಎಂದು ಬಸವೇಶ್ ತೀರ್ಪು ಕೊಟ್ಟ. ದಿನವೂ ರಾಗಿ ಮುದ್ದೆ ತೊಳಸುವ ಕೈಗಳ ಬಗ್ಗೆ ಅವನು ಆಡಿದ ಮಾತಿದು.

“ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಅಂತ ಮದುವೆಗೆ ಮುಂಚೆ ಬರೆದಿದ್ದು ಯಾರು?” ಎಂದು ರಂಜನಿ ಕೇಳಿದಳು.

“ನಾನೇ. ಆಗ ನಾನು ಪ್ರೋಗ್ರಾಂ ಬರೀತಿರ್ಲಿಲ್ಲ.”

ಆ ರಾತ್ರಿ ಬಸವೇಶನ ತಟ್ಟೆಗೆ ಮುದ್ದೆ ಬಿತ್ತು, ಸಾರು ಬೀಳಲಿಲ್ಲ.

ಭಾನುವಾರ ಪ್ರಸಾದ್ ಬಂದ. ಕನ್ನಡಕದೊಳಗಿಂದ ಎಲ್ಲವನ್ನೂ ಅನುಮಾನದಿಂದ ನೋಡುವ ಜಾತಿ. ಪಡಸಾಲೆಯಲ್ಲಿ ಹತ್ತು ಜನ ಡೆವಲಪರುಗಳು ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ ಸಾಲಾಗಿ ಕೂತಿದ್ದನ್ನು ಕಂಡು ಅವನು ಬಾಗಿಲಲ್ಲೇ ಒಂದು ಗಳಿಗೆ ನಿಂತುಬಿಟ್ಟ. ಆಮೇಲೆ ಮರಿತಾಯಮ್ಮನ ಮುಂದೆ ಕೂತು, “ಅಮ್ಮ, ಈ ಸಂಘದಲ್ಲಿ ನಿಮ್ಮ ಕೆಲಸ ಏನು?” ಎಂದು ವಿಚಾರಿಸಿದ.

“ನಾ ಮುಂದಾಗಿ ಯೋಳ್ತೀನಿ. ಇವ್ರೆಲ್ಲ ಇಂದ್ಲಿಂದ ಯೋಳ್ತಾರೆ.”

“ಟೀಮ್ ಲೀಡರ್ ಅಂತ,” ಎಂದು ಬಸವೇಶ್ ನಡುವೆ ಬಾಯಿ ಹಾಕಿದ.

“ಅವರೇ ಹೇಳಲಿ ಬಿಡಿ. ಏನು ಹೇಳ್ತೀರಿ ಅಮ್ಮ?”

“ವಚನ ಕಣಪ್ಪ. ಇನ್ನೇನ್ ಯೋಳಾನ?”

ಪ್ರಸಾದ್ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಸ್ಲೇಟನ್ನು ಸಾಲಿನಲ್ಲಿ ಕೊಟ್ಟು ಬರೆಯಿಸಿದ. ಸೊನ್ನೆಗಳು ತಪ್ಪದೆ ಹಾಜರಾದವು. ಅವನು ಎದ್ದು ತನ್ನ ಚೀಲದ ಜಿಪ್ ಎಳೆದ. “ಕ್ಷಮಿಸಿ ಬಸವೇಶ್. ಸಂಘ ಇಲ್ಲ, ಪ್ರೋಗ್ರಾಮೂ ಕೆಲಸ ಮಾಡ್ತಿಲ್ಲ. ಈ ಸ್ಲೇಟಿಗೆ ಪುಣೆಯಲ್ಲಿ ಕಾಯ್ತಾ ಇದಾರೆ.”

ಬಸವೇಶ್ ಸ್ಲೇಟನ್ನು ಒರೆಸಿ ಮುಂದೆ ಚಾಚಿದ. ಸುಳ್ಳು ಹೇಳಿದ ನಾಚಿಕೆ ಒಂದು ಕಡೆ. ಇನ್ನು ಸೈಬರ್ ಸೆಂಟರಿಗೆ ಹೋಗಿ ಬ್ರೆಜಿಲಿನವನಿಗೆ ಏನಂತ ಬರೆಯಲಿ ಎಂಬ ದುಃಖ ಇನ್ನೊಂದು ಕಡೆ. ಅವನ ಕಣ್ಣುಗಳು ತುಂಬಿಕೊಂಡವು.

ಅದನ್ನು ಅಡುಗೆಮನೆಯ ಬಾಗಿಲಿಂದ ರಂಜನಿ ನೋಡಿದಳು. ತನ್ನ ಸರದಿ ಮುಗಿಸಿ ಒಳಗೆ ಹೋಗಿ ಉಪ್ಪಿಟ್ಟಿನ ಬಾಣಲೆ ಉಜ್ಜುತ್ತಿದ್ದವಳು, ಬಳೆಗಳನ್ನು ಮೊಣಕೈವರೆಗೂ ಏರಿಸಿಕೊಂಡಿದ್ದಳು. ಹಾಗೆಯೇ ಬಂದು ಸೆರಗಿಗೆ ಕೈ ಒರೆಸಿಕೊಂಡು, “ಹೋಗೋಕೆ ಮುಂಚೆ ಅದಕ್ಕೆ ನಾನೊಂದು ಮಾತು ಹೇಳ್ಬೇಕು, ಕೊಡಿ ಇಲ್ಲಿ,” ಎಂದು ಸ್ಲೇಟು ಕಿತ್ತುಕೊಂಡು ಬರೆದಳು: ‘ನನ್ನ ಗಂಡನನ್ನು ಗೋಳು ಹೊಯ್ದುಕೊಂಡಿದ್ದು ಸಾಕು, ತೊಲಗು.’

ತೆರೆಯ ಮೇಲೆ ಇಡೀ ವಾಕ್ಯ ಮುತ್ತು ಪೋಣಿಸಿದ ಹಾಗೆ ಮೂಡಿತು. ಒಂದು ಸೊನ್ನೆಯೂ ಇರಲಿಲ್ಲ.

ಪ್ರಸಾದ್ ಚೀಲ ಕೆಳಗಿಟ್ಟ. “ಇನ್ನೊಂದ್ಸಲ ಬರೀರಿ.”

ರಂಜನಿಗೆ ಬೇಡವೆನ್ನುವ ಕಾರಣವೇ ಇರಲಿಲ್ಲ, ಇನ್ನೂ ಕೋಪ ಉಳಿದಿತ್ತು. ಆದರೆ ‘ತೊಲಗು’ ಎನ್ನುವಷ್ಟರಲ್ಲಿ ಬಳೆಗಳು ಜಾರಿ ಮಣಿಕಟ್ಟಿಗೆ ಇಳಿದವು, ಸೊನ್ನೆಗಳು ಮತ್ತೆ ಮೆರವಣಿಗೆ ಹೊರಟವು. ಪ್ರಸಾದ್ ಬಗ್ಗಿ ನೋಡಿದ. ಪೆನ್ನು ಮುಂದೆ ಹೋದಂತೆಲ್ಲ ಗಾಜಿನ ಬಳೆಗಳು ತೆರೆಯ ಮೇಲೆ ಹಿಂದೆಯೇ ಎಳೆದುಕೊಂಡು ಬರುತ್ತಿದ್ದವು. ಒತ್ತಿದ್ದನ್ನೆಲ್ಲ ಬರಹ ಎಂದು ತಿಳಿಯುವ ಆ ಸ್ಲೇಟು ಬಳೆ ಬರೆದದ್ದನ್ನೂ ಭಕ್ತಿಯಿಂದ ಓದುತ್ತಿತ್ತು.

“ಬಳೆ,” ಎಂದ ಪ್ರಸಾದ್. ಅವನ ಮುಖವೇ ಬದಲಾಗಿತ್ತು. “ಇಷ್ಟು ವರ್ಷದಿಂದ ಈ ಸ್ಲೇಟಿದೆ. ಈ ದೋಷ, ಈ ಬಗ್, ಒಬ್ಬರಿಗೂ ಸಿಕ್ಕಿಲ್ಲ. ಬಳಗದಲ್ಲಿ ಬಳೆ ತೊಟ್ಟವರು ಒಬ್ಬರಾದ್ರೂ ಇದ್ರೆ ತಾನೆ? ಆದ್ರೆ ನಮ್ಮಲ್ಲಿ ಒಂದು ನಿಯಮ ಇದೆ. ಒಂದೇ ಕೈಲಿ ಬಳೆ ಇಲ್ಲದೆ ಒಂದ್ಸಲ, ಹಾಕ್ಕೊಂಡು ಒಂದ್ಸಲ ಬರೆಸಿ ತೋರಿಸಬೇಕು. ಇಲ್ಲದಿದ್ರೆ ಬಗ್ ಅಂತ ಒಪ್ಪಲ್ಲ.” ಅವನು ಚನ್ನಾಜಮ್ಮನ ಕಡೆ ತಿರುಗಿದ. “ಅಮ್ಮ, ನೀವು ಬಳೆ ತೆಗೆದು ಒಂದು ಸಲ...”

“ನಮ್ ಯಜಮಾನ್ರು ವಳಗೆ ಉಪ್ಪಿಟ್ಟು ತಿಂತಾ ಕೂತವ್ರೆ,” ಎಂದರು ಚನ್ನಾಜಮ್ಮ. “ಅವ್ರು ಗಟ್ಟಿಯಾಗಿರುವಾಗ್ಲೇ ಬಳೆ ತೆಗಿ ಅಂತೀಯಲ್ಲಪ್ಪ.”

ಒಳಗಿಂದ ಬಸವೇಶನ ತಂದೆ ಗುರುಮಲ್ಲಪ್ಪನವರು ಗಟ್ಟಿಯಾಗಿರುವುದಕ್ಕೆ ಸಾಕ್ಷಿಯಾಗಿ ಕೆಮ್ಮಿದರು. ಹತ್ತು ಜನ ಮುತ್ತೈದೆಯರ ಕಣ್ಣೂ ಒಟ್ಟಿಗೆ ಬಸವೇಶನ ಬೋಳು ಕೈಯ ಮೇಲೆ ನೆಟ್ಟವು.

ರಂಜನಿ ಮುಡುಕುತೊರೆ ಜಾತ್ರೆಯಿಂದ ತಂದು ತೆಗೆದಿಟ್ಟಿದ್ದ ಹೊಸ ಹಸಿರು ಬಳೆಗಳು ಹೊರಬಂದವು. ಮರಿತಾಯಮ್ಮ ಸೋಪು ಸವರಿ, ಬಸವೇಶನ ಬಲಗೈಯ ಗೆಣ್ಣುಗಳನ್ನು ಹಿಟ್ಟು ನಾದುವಂತೆ ನಾದಿ, “ತಾಳ್ಕೋ ಮಗ, ಮದ್ವಣಗಿತ್ತಿಗೂ ಇಂಗೇಯ ನೋಯಾದು,” ಎನ್ನುತ್ತ ಒಂದೊಂದಾಗಿ ಏರಿಸಿದರು. ಬಸವೇಶ್ ಬರೆದ. ನಂಜನಗೂಡಿನ ಏಕೈಕ ಡೆವಲಪರನ ಸ್ವಹಸ್ತದಿಂದ ಸೊನ್ನೆಗಳು ಸಾಲುಗಟ್ಟಿ ಹೊರಟವು. ಪ್ರಸಾದ್ ಅವನ ಬೆನ್ನು ತಟ್ಟಿ, “ಸ್ಲೇಟು ಇಲ್ಲೇ ಇರಲಿ. ಸೀಡಿಗೆ ಇನ್ನೊಂದು ತಿಂಗಳಿದೆ. ಅಷ್ಟರಲ್ಲಿ ಇದನ್ನ ಸರಿಮಾಡಿದ್ರೆ ‘ಕೈಬರಹ’ ಸೇರುತ್ತೆ, ಇಲ್ಲದಿದ್ರೆ ಇಲ್ಲ,” ಎಂದು ಹೇಳಿ, ಉಪ್ಪಿಟ್ಟು ಕೇಳಿ ಹಾಕಿಸಿಕೊಂಡು ತಿಂದು ಹೋದ.

ಆಮೇಲೆ ಬಸವೇಶ್ ಬಳೆ ತೆಗೆಯಲು ಹೋದ. ಕೈ ಬಾತುಕೊಂಡಿತ್ತು. ಸೋಪು, ಕೊಬ್ಬರಿ ಎಣ್ಣೆ, ಪ್ಲಾಸ್ಟಿಕ್ ಕವರು, ಯಾವುದಕ್ಕೂ ಬಳೆ ಜಗ್ಗಲಿಲ್ಲ.

“ಒಡೆದುಬಿಡ್ತೀನಿ,” ಎಂದ.

“ಒಡೆದುಗಿಡೆದೀಯೆ,” ಎಂದರು ಚನ್ನಾಜಮ್ಮ. “ನಿನ್ ಎಂಡ್ತಿ ಬಳೆ ಅದು. ಮುತ್ತೈದೆ ಬಳೆ ಒಡುದ್ರೆ ಗಂಡುಂಗೆ ಕೇಡು.”

“ಆ ಗಂಡ ನಾನೇ ಅಲ್ವೇನವ್ವ?”

“ಅದುಕ್ಕೇ ಕಣ್ಲಾ ಒಡೀಬ್ಯಾಡ ಅಂತಿರಾದು.”

ಸೋಮವಾರ ಬಸವೇಶ್ ತುಂಬು ತೋಳಿನ ಅಂಗಿ ತೊಟ್ಟು, ಗುಂಡಿ ಬಿಗಿದು, ಟಿ. ನರಸೀಪುರದ ಬಸ್ಸು ಹತ್ತಿದ. ಸೀಟಿರಲಿಲ್ಲ. ಎಡಗೈಯಲ್ಲಿ ಸ್ಲೇಟಿನ ಚೀಲ, ಆದ್ದರಿಂದ ಬಲಗೈ ಮೇಲಿನ ಕಂಬಿಗೆ ಹೋಗಲೇಬೇಕಾಯಿತು. ಸುತ್ತೂರಿನ ಹತ್ತಿರ ಕೈತೋರಿಸಿದವರನ್ನು ಹತ್ತಿಸಿಕೊಳ್ಳದೆ ಬಸ್ಸು ಮುಂದೆ ಹೋಯಿತು. ಒಬ್ಬ ಮುದುಕ ಕಂಡಕ್ಟರನ ಮೇಲೆ ಏರಿಹೋದ. ಜೊತೆಗೆ ಯಾರೂ ದನಿಗೂಡಿಸದಿದ್ದಾಗ ಅವನ ಸಿಟ್ಟು ಪಕ್ಕದಲ್ಲಿದ್ದ ಬಸವೇಶನ ಕಡೆ ತಿರುಗಿತು.

“ಓದ್ದೋರಂಗೆ ಕಾಣ್ತೀರಿ ಸಾ, ನೀವಾದ್ರೂ ಕೇಳಬಾರ್ದಾ? ಕೈಗೇನು ಬಳೆ ತೊಟ್ಕಂಡಿದ್ದೀರಾ?”

ಅದೇ ಗಳಿಗೆಗೆ ಬಸ್ಸು ಹಳ್ಳಕ್ಕೆ ಇಳಿಯಿತು. ಗುಂಡಿ ಕಿತ್ತುಬಂದು ಅಂಗಿಯ ತೋಳು ಮೊಣಕೈಗೆ ಜಾರಿತು. ಕಂಬಿಯ ಮೇಲೆ ಹಸಿರು ಬಳೆಗಳು ಇಂಪಾಗಿ ಗಲಗಲ ಎಂದವು. ಇಡೀ ಬಸ್ಸು ತಲೆಯೆತ್ತಿ ನೋಡಿತು. ಮುದುಕ ಕಂಡಕ್ಟರನನ್ನು ಅಲ್ಲಿಗೇ ಕ್ಷಮಿಸಿ, ಕೂತಿದ್ದವರೊಬ್ಬರನ್ನು ಎಬ್ಬಿಸಿ ಬಸವೇಶನಿಗೆ ಸೀಟು ಕೊಡಿಸಿದ. ಆಫೀಸಿನಲ್ಲಿ ಪಕ್ಕದ ಮೇಜಿನ ಪುಟ್ಟರಾಜು, “ಸೀಮಂತ ಮಾಡ್ಕಂಡಿದ್ದೀರಿ, ನಮ್ಮುನ್ನ ಊಟಕ್ಕೆ ಕರೀಲೇ ಇಲ್ವಲ್ಲ ಸಾ,” ಎಂದು ಸಂಜೆಯವರೆಗೂ ಬೇಸರ ತೋಡಿಕೊಂಡ.

ಆದರೆ ಬಸವೇಶನಿಗೆ ಇದರಿಂದ ಒಂದು ಉಪಕಾರವಾಯಿತು. ಬೇರೆಯವರ ಕೈಯಲ್ಲಿದ್ದಾಗ ಬಗ್ಗು ಅವರ ತಪ್ಪಾಗಿತ್ತು. ಈಗ ಅದು ಅವನ ಕೈಯಲ್ಲೇ ಗಲಗಲ ಎನ್ನುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಅದೇ ಯೋಚನೆ. ಬರೆದು, ಕೆಟ್ಟು, ಮತ್ತೆ ಬರೆದು, ಕಡೆಗೆ ಅವನಿಗೆ ಹೊಳೆಯಿತು: ಪೆನ್ನು ಒಂಟಿಯಾಗಿ ಮುಂದೆ ನಡೆಯುತ್ತದೆ, ಬಳೆಗಳು ಗುಂಪು ಕಟ್ಟಿಕೊಂಡು ಹಿಂದೆ ಬರುತ್ತವೆ. ಗುಂಪನ್ನು ಬಿಟ್ಟು ಒಂಟಿಯನ್ನು ಓದು ಎಂದು ಸ್ಲೇಟಿಗೆ ಕಲಿಸಿದರೆ ಆಯಿತು. ಕಲಿಸಿದ. ಮರುವಾರದ ಮಂಗಳವಾರ ಮರಿತಾಯಮ್ಮ ‘ಶರಣು’ ಎಂದು ಬರೆದರು, ಶರಣು ಮಾತ್ರ ಬಂತು. ಹತ್ತು ಜನವೂ ಸರದಿಯಲ್ಲಿ ಕೂತು ವಚನ ಬರೆದರು. ಅಂದು ಹಾಡುವುದು ತಡವಾಯಿತು, ಯಾರಿಗೂ ಬೇಸರವಾಗಲಿಲ್ಲ. ಬಸವೇಶ್ ರಂಜನಿಯ ಬಳಿ ಬಂದು, “ನಿನ್ನ ಕೈ ಸರಿಯಾಗೇ ಇತ್ತು ಕಣೆ. ನನ್ನ ಪ್ರೋಗ್ರಾಮೇ ಸರಿಯಿರ್ಲಿಲ್ಲ,” ಎಂದ. ಮದುವೆಯಾದ ಮೇಲೆ ಅವನು ಬರೆದ ಯಾವ ಪ್ರೋಗ್ರಾಮೂ ಅವಳಿಗೆ ಇಷ್ಟು ಹಿಡಿಸಿರಲಿಲ್ಲ. ಕೈಯ ಬಾವು ಇಳಿದು ಬಳೆಗಳೂ ಒಂದೂ ಒಡೆಯದೆ ಕಳಚಿಕೊಂಡವು, ಚನ್ನಾಜಮ್ಮ ನಿಟ್ಟುಸಿರು ಬಿಟ್ಟರು.

ಸೀಡಿ ಬಂತು. ಬಸವೇಶ್ ಅದರಲ್ಲಿದ್ದ ‘ಕೈಬರಹ’ವನ್ನು ಸೈಬರ್ ಸೆಂಟರಿನಲ್ಲಿ ಸ್ಲೇಟಿಗೆ ಇಳಿಸಿಕೊಂಡು, ತಾನೂ ತೆರೆದು ನೋಡದೆ ಮನೆಗೆ ತಂದ. ಅಕ್ಕನ ಬಳಗ ಸುತ್ತ ಕೂತಿತು. ರಂಜನಿ ಪೆನ್ನಿನಿಂದ ಮುಟ್ಟಿದಳು. ಮೊದಲು ಕಂಡದ್ದು, ಬಗ್ಗು ಹುಡುಕಿದವರೆಂದು ಹತ್ತು ಜನ ಹೆಂಗಸರ ಹೆಸರು, ಮರಿತಾಯಮ್ಮನದೇ ಮೇಲೆ. ಬಸವೇಶ್ ಇಣುಕಿದ. ತನ್ನ ಹೆಸರು ಕಾಣಲಿಲ್ಲ. ಮೇಲಿನಿಂದ ಇನ್ನೊಮ್ಮೆ ಎಣಿಸಿದ, ಹತ್ತೇ.

“ಸೀಡಿ ಜೊತೆ ಪ್ರಸಾದ್ ಚೀಟಿ ಇಟ್ಟಿದಾರೆ,” ಎಂದು ರಂಜನಿ ಓದಿದಳು. “‘ಬಗ್ಗನ್ನು ತನ್ನ ಮೈಮೇಲೆ ಹಾಕಿಕೊಂಡು ಸರಿಪಡಿಸಿದವರ ಹೆಸರನ್ನೇ ಆ ಸೌಲಭ್ಯಕ್ಕೆ ಇಡುವುದು ನಮ್ಮ ಪದ್ಧತಿ. ಎಲ್ಲ ದೇಶಗಳಲ್ಲೂ ಹಾಗೇ ಹೋಗಿದೆ. ಬ್ರೆಜಿಲಿನಿಂದ ವಿಶೇಷ ಅಭಿನಂದನೆ.’”

ಅವಳು ಇನ್ನೊಂದು ಕಡೆ ಮುಟ್ಟಿದಳು. ತೆರೆಯ ನಟ್ಟನಡುವೆ, ದಪ್ಪ ಅಕ್ಷರದಲ್ಲಿ, ಕೊನೆಗೂ ಅದು ಮೂಡಿತು: ‘ಬಸವೇಶ್’. ಪಕ್ಕದಲ್ಲಿ ಎರಡು ಚೌಕ, ಒಂದು ಆನ್, ಇನ್ನೊಂದು ಆಫ್. ಕೆಳಗೆ ಸಣ್ಣಗೆ, ‘ಬಳೆ ತೊಟ್ಟವರ ಉಪಯೋಗಕ್ಕೆ’.

“ಅದೇನವ್ವ, ನಮ್ ಬಸವೇಶನ್ ಎಸ್ರು ಅಲ್ಲದೆ?” ಎಂದು ಚನ್ನಾಜಮ್ಮ ಬಗ್ಗಿದರು.

“ಬರೆಯುವಾಗ ಇಲ್ಲಿ ಮುಟ್ಟಿದ್ರೆ ಬಸವೇಶ್ ಆನ್ ಅತ್ತೆ. ಸಾಕು ಅನ್ಸಿದಾಗ ಇಲ್ಲಿ ಮುಟ್ಟಿದ್ರೆ ಆಫ್, ಸುಮ್ಮನಾಗ್ತಾರೆ.”

ಚನ್ನಾಜಮ್ಮ ಪೆನ್ನು ಇಸಿದುಕೊಂಡು ಮಗನನ್ನು ಆರಿಸಿದರು, ಹೊತ್ತಿಸಿದರು, ಮತ್ತೆ ಆರಿಸಿದರು.

“ಈ ಅನ್ಕೂಲ ಇವ ಉಟ್ದಾಗ್ಲೇ ಇದ್ದಿದ್ರೆ,” ಎಂದರು, “ಸಾಕಾದು ಏಟು ಸಲೀಸಾಗಿರಾದು ಕಣವ್ವ.”