ತಂಬೂರಿಗೊಬ್ಬ ಜೊತೆಗಾರ

ಮಾವ ಇಟ್ಟದ್ದು ಒಂದೇ ಒಂದು ಷರತ್ತು.

“ನನ್ನ ತಂಬೂರಿ ನಿಮ್ಮ ಗಿಟಾರಿನ ಹಾಡಿಗೆ ಬರ್ಲಿ, ಬೇಡ ಅನ್ನಲ್ಲ. ಆದ್ರೆ ಒಂದೇ ಸಲ ನುಡಿಸೋದು. ಎಲ್ಲೂ ಕತ್ತರಿ ಹಾಕಕೂಡದು. ಮರ್ಯಾದೆ ಅಂದ್ರೆ ಅದು, ಅಳಿಯಂದ್ರೇ.”

ಅಳಿಯ ಹೂಂಗುಟ್ಟಿದ. ಹೂಂಗುಟ್ಟದೆ ಇನ್ನೇನು ಮಾಡಿಯಾನು? ಮನೆಯ ಮುಂಗೋಣೆಯ ಗೋಡೆಗಳಿಗೆ ಹಳೇ ಹಾಸಿಗೆ ಹೊಡೆದು, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟು ಹಾಡು ಮುದ್ರಿಸುತ್ತಿದ್ದ ಅವನನ್ನು ಮಾವ ಬಂಧುಬಳಗಕ್ಕೆಲ್ಲ ಪರಿಚಯಿಸುತ್ತಿದ್ದದ್ದು “ಇವರು ಗುಂಡಿ ಒತ್ತುತ್ತಾರೆ” ಎಂದು. ಸಂಗೀತದ ಮನೆಗೆ ಅಳಿಯನಾದ ಮೇಲೆ ಒಮ್ಮೆಯಾದರೂ ಆ ಬಾಯಿಂದ ಭೇಷ್ ಅನ್ನಿಸಿಕೊಳ್ಳಬೇಕು ಎಂಬುದೊಂದೇ ಅವನ ಆಸೆ. ಗಿಟಾರು ಹಿಡಿದು ಆ ಹಾಡು ಹಾಡುವ ಹುಡುಗಿಯ ಕಾರ್ಯಕ್ರಮ ಮರುದಿನವೇ ಇತ್ತು; ವೇದಿಕೆಗೆ ಮಾವನೂ ಬರುವವರಿದ್ದರು. ಹಾಡಿಗೆ ತಂಬೂರಿಯೊಂದು ಕೂಡಿದರೆ ಮುಗಿಯಿತು.

ಬೆಳಿಗ್ಗೆಯೆಲ್ಲ ಮಾವ ಶ್ರುತಿ ಮಾಡಿದರು. ಬಿರಡೆ ತಿರುಗಿಸುವುದು, ಕಿವಿಗೊಡುವುದು, ತಲೆಯಾಡಿಸುವುದು, ಮತ್ತೆ ತಿರುಗಿಸುವುದು. ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿಯಾಯಿತು. ಮಹಡಿಯ ದರ್ಜಿಯಮ್ಮ ಹೊಲಿಗೆ ಮಿಷನ್ ನಿಲ್ಲಿಸಿ ಕೆಳಗಿಳಿದು ಬಂದಳು.

“ನಾನೇನೋ ಮರ್ಯಾದೆಗೆ ಮಿಷನ್ ನಿಲ್ಸಿದೀನಿ. ಬೇರೆಯವ್ರು ಸುಮ್ನಿದಾರಾ ಇಲ್ವಾ, ಅದನ್ನ ನೋಡೋರು ಯಾರು?” ಎನ್ನುತ್ತ ಬಾಗಿಲ ಪಕ್ಕದಲ್ಲಿ ಕೂತೇಬಿಟ್ಟಳು.

ಬೆನ್ನಿಗೇ ಎದುರು ಮನೆಯ ಮೇಷ್ಟ್ರು ಬಂದರು. “ಅಲ್ಲಪ್ಪಾ, ತಂಬೂರಿಗೂ ಗಿಟಾರಿಗೂ ಗಂಟು ಹಾಕ್ತೀಯಂತೆ? ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾಗುತ್ತೆ! ನಾನು ಬಿಡೋನಲ್ಲ.”

“ಮೇಷ್ಟ್ರೇ, ಒಮ್ಮೆ ಕೇಳಿ, ಆಮೇಲೆ ಬೈರಿ,” ಎಂದು ಅಳಿಯ ಅವರನ್ನೂ ಮೂಲೆಯ ಕುರ್ಚಿಯಲ್ಲಿ ಕೂರಿಸಿದ. ಹೊರಗೆ ನಿಂತು ಕೂಗಾಡುವುದಕ್ಕಿಂತ ಒಳಗೆ ಕೂತು ಗೊಣಗುವುದೇ ವಾಸಿ.

ಮಾವ ಎಂದಿನಂತೆ ಕಣ್ಣು ಮುಚ್ಚಿ, ತಂಬೂರಿಯ ದಂಡಿಗೆ ಕಿವಿ ಆನಿಸಿ ನುಡಿಸತೊಡಗಿದರು. ಹಾಗೆ ಕೂತರೆ ಅವರಿಗೆ ಮನೆಗೆ ಬೆಂಕಿ ಬಿದ್ದರೂ ಕೇಳಿಸದು. ನಾದ ಕೋಣೆಯೊಳಗೆ ಜೇನಿನ ಹಾಗೆ ನಿಧಾನಕ್ಕೆ ಹರಡಿತು. ಪರದೆಯ ಸಂದಿನಿಂದ ಬಿದ್ದ ಬಿಸಿಲಕೋಲಿನಲ್ಲಿ ಧೂಳಿನ ಕಣಗಳು ಅವಸರವಿಲ್ಲದೆ ಏರಿದವು, ಇಳಿದವು. ದರ್ಜಿಯಮ್ಮನ ತಲೆ ಗೋಡೆಗೆ ವಾಲಿತು. ಬೈಯಲೆಂದು ತೆರೆದ ಮೇಷ್ಟ್ರ ಬಾಯಿ ತೆರೆದೇ ಉಳಿಯಿತು. ಅಳಿಯ ಮೈಕಿನ ಪಕ್ಕದಲ್ಲಿ ಮೇಜಿಗೆ ಗಲ್ಲ ಊರಿದ. ಒಂದೇ ಒಂದು ಕ್ಷಣ ಕಣ್ಣು ಮುಚ್ಚೋಣ ಅಂದುಕೊಂಡ.

ಕೋಣೆ ದೋಣಿಯಾಯಿತು. ಹಾಸಿಗೆ ಹೊಡೆದ ಗೋಡೆಗಳು ಮೋಡಗಳಾಗಿ ಹಿಂದೆ ಸರಿದವು. ದೋಣಿಯ ತುದಿಯಲ್ಲಿ ಮಾವ, ಅವರ ಪಕ್ಕದಲ್ಲಿ ಇವನು, ಇವನ ತೊಡೆಯ ಮೇಲೂ ಒಂದು ತಂಬೂರಿ. ಇಬ್ಬರೂ ಮೀಟುತ್ತಿದ್ದಾರೆ. ನೀರು ಅಲುಗುತ್ತಿಲ್ಲ. ಮಾವ ಇವನತ್ತ ತಿರುಗಿ ನಗುತ್ತಾರೆ. ಅವನಿಗೆ ಅಳುವಷ್ಟು ಸುಖವಾಯಿತು.

“ಆಯ್ತು. ಇನ್ನೊಂದ್ಸಲ ನುಡಿಸು ಅನ್ಬೇಡಿ.”

ಅಳಿಯ ಧಡಕ್ಕನೆ ಎದ್ದ. ಮಾವ ತಂಬೂರಿಗೆ ಗವಸು ಹಾಕುತ್ತಿದ್ದರು. ಮೂಲೆಯಲ್ಲಿ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು.

ಎಲ್ಲರೂ ಹೋದ ಮೇಲೆ ಮುದ್ರಿಸಿದ್ದನ್ನು ಹಾಕಿ ಕೇಳಿದ. ತಂಬೂರಿಯ ಕೆಳಗೆ, ಶುರುವಾದ ಸ್ವಲ್ಪ ಹೊತ್ತಿನಿಂದ ಕೊನೆಯವರೆಗೆ, ದಟ್ಟವಾದ ಗೊರಕೆ! ಹಾಳು ಮೇಷ್ಟ್ರು! ಕತ್ತರಿಸೋಣವೆಂದರೆ ಮಾತು ಕೊಟ್ಟಾಗಿದೆ. ಮಾತು ಮುರಿಯೋಣವೆಂದರೂ ಹಾಲಿಗೆ ಬೆರೆತ ನೀರನ್ನು ಬೇರ್ಪಡಿಸುವುದು ಹೇಗೆ?

ಸಂಜೆ ಹಾಡುವ ಹುಡುಗಿ ಬಂದು ಹೆಡ್‌ಫೋನಿನಲ್ಲಿ ಅದನ್ನು ಕೇಳಿದಳು. ಅವಳ ಕಣ್ಣು ತುಂಬಿತು.

“ಅಣ್ಣಾ, ತಂಬೂರಿ ಕೆಳಗೆ ಉಸಿರಾಡ್ತಿದೆಯಲ್ಲ, ಅದ್ಯಾವ ವಾದ್ಯ?”

“ಅದೂ... ಹಳೇದಮ್ಮ.”

“ಎಷ್ಟು ಹಳೇದು?”

“ಮನುಷ್ಯ ಹುಟ್ಟಿದಾಗಿಂದ ಇದೆ.”

ಅಷ್ಟರಲ್ಲಿ ಅಲ್ಲಿಗೆ ಬಂದ ಮಾವ ಅವಳ ಹೆಡ್‌ಫೋನ್ ಕಿತ್ತುಕೊಂಡು ಕಿವಿಗಿಟ್ಟುಕೊಂಡರು. ಅಳಿಯ ಮನಸ್ಸಿನಲ್ಲೇ ದೇವರಿಗೆ ಕೈಮುಗಿದ. ಮಾವ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

“ಯಾರಪ್ಪ ಈ ಮಹಾನುಭಾವ? ನನ್ನ ಷಡ್ಜ ಹಿಡಿದೋನು ಒಂದು ಕೂದಲಷ್ಟೂ ಜಾರಿಲ್ಲ! ನಾಳೆ ವೇದಿಕೆ ಮೇಲೆ ಇವ್ರು ಪಕ್ಕದಲ್ಲಿರ್ಬೇಕು. ಇಲ್ದಿದ್ರೆ ನಾನೂ ಇಲ್ಲ.”

ಅಳಿಯ ಓಡಿದ. ಮೇಷ್ಟ್ರನ್ನು ಕೈಹಿಡಿದು ಎಳೆತಂದ. ಗದ್ದಲಕ್ಕೆ ದರ್ಜಿಯಮ್ಮನೂ ಇಳಿದು ಬಂದಳು. ವಿಷಯ ತಿಳಿದ ಮೇಷ್ಟ್ರು, ಬೆಳಿಗ್ಗೆ ಬೈದದ್ದನ್ನೆಲ್ಲ ಮರೆತು, ಶಾಲು ಸರಿಮಾಡಿಕೊಂಡು ಗಂಟಲು ಸವರಿಕೊಂಡರು. ಒಳಬಾಗಿಲಲ್ಲಿ ನಿಂತಿದ್ದ ಅಳಿಯನ ಹೆಂಡತಿ ಬಂದು ಹೆಡ್‌ಫೋನ್ ಕಿವಿಗಿಟ್ಟು ಕೇಳಿ ಪಕ್ಕನೆ ನಕ್ಕಳು.

“ಅಯ್ಯೋ, ಮೇಷ್ಟ್ರದ್ದಲ್ಲ ರೀ! ಮದುವೆಯಾದಾಗಿಂದ ದಿನಾ ಕೇಳ್ತಿದೀನಿ, ನನಗೆ ಗೊತ್ತಾಗಲ್ವಾ? ಅದು ನಿಮ್ಮದೇ!”

ಮಾವ ಅಳಿಯನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಎದ್ದು ಬಂದು ಭುಜದ ಮೇಲೆ ಕೈಯಿಟ್ಟರು. “ಭೇಷ್, ಅಳಿಯಂದ್ರೇ! ಇಷ್ಟು ದಿನ ಎಲ್ಲಿಟ್ಟಿದ್ರಿ ಈ ವಿದ್ಯೇನ? ಬನ್ನಿ, ನಾಳೆಗೆ ಒಂದು ಅಭ್ಯಾಸ ಮಾಡೋಣ.”

ಅಳಿಯನಿಗೆ ನೆಲ ಕಾಣಲಿಲ್ಲ. ಹೆಂಡತಿ ಚಾಪೆ ಹಾಸಿದಳು, ದಿಂಬು ತಂದಳು. ಅವನು ಮಾವನ ಪಕ್ಕದಲ್ಲಿ, ಸಾಕ್ಷಾತ್ ಮಾವನ ಪಕ್ಕದಲ್ಲಿ, ಮಲಗಿ ಕಣ್ಣು ಮುಚ್ಚಿದ. ತಂಬೂರಿ ನುಡಿಯಿತು. ದರ್ಜಿಯಮ್ಮ ನಿದ್ದೆ ಹೋದಳು. ಮೇಷ್ಟ್ರೂ ನಿದ್ದೆ ಹೋದರು. ಗಿಟಾರು ತಬ್ಬಿಕೊಂಡೇ ಹುಡುಗಿಯೂ ನಿದ್ದೆಗೆ ಜಾರಿದಳು. ಅಳಿಯನ ಕಿವಿಯಲ್ಲಿ ಭೇಷ್ ಭೇಷ್ ಎಂದು ಗುಂಯ್‌ಗುಡುತ್ತಿತ್ತು. ಎದೆ ಕುಣಿಯುತ್ತಿತ್ತು. ಮಗ್ಗುಲು ಬದಲಿಸಿದ. ದಿಂಬು ತಿರುವಿ ಹಾಕಿದ. ರೆಪ್ಪೆಗೆ ರೆಪ್ಪೆ ಅಂಟಲಿಲ್ಲ.

ಕೊನೆಗೆ ಬೇರೆ ದಾರಿ ಕಾಣದೆ, ಉಸಿರೆಳೆದುಕೊಂಡು, ಮೆಲ್ಲನೆ ಒಂದು ಗೊರಕೆ ಹೊಡೆದು ನೋಡಿದ.

ತಂಬೂರಿ ನಿಂತಿತು.

“ಅಪಶ್ರುತಿ,” ಎಂದರು ಮಾವ. ಗವಸಿಗಾಗಿ ಕೈ ಚಾಚಿದರು.